ಮೋರ್ಚಾ ಬಂದರೆ ಎಫ್‌ಎಂಗೆ ಅದು ಬರೀ ಟ್ರಾಫಿಕ್ ಸುದ್ದಿ

ಆಜಾದ್ ಮೈದಾನಕ್ಕೆ ದೊಡ್ಡ ಮೋರ್ಚಾ ಬಂದ ದಿನ ಮುಂಬೈಯ ಯಾವುದಾದರೂ ಖಾಸಗಿ ಎಫ್‌ಎಂ ಹಾಕಿ ನೋಡಿ. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ಗಾಡಿಗಳು ನಿಂತಲ್ಲೇ ನಿಂತಿವೆ, ಬೇರೆ ದಾರಿ ಹಿಡಿಯಿರಿ ಅಂತ ಆರ್‌ಜೆ ಹೇಳಬಹುದು. ಆಮೇಲೆ ಹಾಡು. ಬಂದವರು ಯಾರು? ಎಲ್ಲಿಂದ ಬಂದರು? ಏನು ಕೇಳುತ್ತಿದ್ದಾರೆ? ಇದಕ್ಕೆ ಉತ್ತರ ಸಿಗುವುದಿಲ್ಲ. ಸುಮ್ನೆ ಆರ್‌ಜೆಗೆ ಬೈಯಬೇಡಿ. ಅವರು ಹೇಳುವ ಹಾಗೇ ಇಲ್ಲ.

2011ರ ಎಫ್‌ಎಂ ನೀತಿಯ ಪ್ರಕಾರ ಖಾಸಗಿ ಸ್ಟೇಷನ್‌ಗಳು ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು, ಅಷ್ಟೇ. ಟ್ರಾಫಿಕ್, ಹವಾಮಾನ, ಪರೀಕ್ಷೆಯ ಫಲಿತಾಂಶ, ನೀರು ಕರೆಂಟಿನ ಪ್ರಕಟಣೆ, ಆಟೋಟದ ಮಾಹಿತಿ ಇವೆಲ್ಲ ನೀತಿಯ ಲೆಕ್ಕದಲ್ಲಿ ಸುದ್ದಿಯೇ ಅಲ್ಲ. ಹಾಗಾಗಿ ಅವಕ್ಕೆ ಅಡ್ಡಿ ಇಲ್ಲ. ಸಮುದಾಯ ರೇಡಿಯೊಗಳಿಗೂ ಸ್ವಂತ ಸುದ್ದಿಯ ಹಕ್ಕಿಲ್ಲ. ದೇಶದಲ್ಲಿ ಈಗ ಅಂಥವು 500ಕ್ಕೂ ಹೆಚ್ಚಿವೆ. ಮಂಗಳೂರಿನ ಸಾರಂಗ್, ಮುಂಬೈ ವಿಶ್ವವಿದ್ಯಾಲಯದ ಮಸ್ಟ್ ರೇಡಿಯೊ, ಪುಣೆ ವಿಶ್ವವಿದ್ಯಾಲಯದ ವಿದ್ಯಾವಾಣಿ, ಎಲ್ಲಕ್ಕೂ ಅದೇ ಬೇಲಿ. ಬೆಳೆ, ಆರೋಗ್ಯ, ಜಾನಪದ ಬರಬಹುದು. ರಾಜಕೀಯ ಬರಬಾರದು.

ತಮಾಷೆ ಏನು ಗೊತ್ತಾ? ಚುನಾವಣೆ ಬಂದಾಗ ಅದೇ ಖಾಸಗಿ ಎಫ್‌ಎಂನಲ್ಲಿ ಪಕ್ಷಗಳ ಜಾಹೀರಾತು ದಿನವಿಡೀ ಬರುತ್ತದೆ. ಮೊದಲೇ ಚುನಾವಣಾ ಸಮಿತಿಗೆ ಕೇಳಿಸಿ ಒಪ್ಪಿಗೆ ತಗೊಂಡು, ದುಡ್ಡು ಕಟ್ಟಿದರೆ ಆಯಿತು. ಅಂದರೆ ರಾಜಕೀಯ ಮಾತಿಗೆ ರೇಡಿಯೊ ಪೂರ್ತಿ ಬಾಗಿಲು ಹಾಕಿಲ್ಲ. ದುಡ್ಡಿದ್ದವರಿಗೆ ತೆರೆದಿದೆ, ಅಧಿಕಾರ ಇದ್ದವರಿಗೂ ತೆರೆದಿದೆ. ಪ್ರಧಾನಿಯ ‘ಮನ್ ಕಿ ಬಾತ್’ 2014ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದರಲ್ಲಿ ರಾಜಕೀಯ ಇಲ್ಲವೇ ಇಲ್ಲ ಎನ್ನುವವರು ಇದ್ದಾರೆ. ಹಾಗಾದರೆ 2024ರ ಲೋಕಸಭಾ ಚುನಾವಣೆ ಹತ್ತಿರ ಬಂದಾಗ ಮೂರು ತಿಂಗಳು ಅದನ್ನು ನಿಲ್ಲಿಸಿದ್ದು ಯಾಕೆ?

ಚಳವಳಿಯ ಕಡೆಯವರ, ಎಡದವರ ರೇಡಿಯೊ ನಮ್ಮಲ್ಲಿ ಯಾಕಿಲ್ಲ ಅಂತ ಕೇಳಿದರೆ, ‘ಅದನ್ನೆಲ್ಲ ಯಾರು ಕೇಳ್ತಾರೆ’ ಅನ್ನುವ ಉತ್ತರ ತಕ್ಷಣ ಬರುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಕೇಳುವವರು ಇದ್ದಾರೆ. ಬೀಗ ಹಾಕಿರುವುದು ತರಂಗಕ್ಕೆ. ಆದರೆ ಬೀಗ ತೆಗೆದ ಕೂಡಲೇ ಒಳ್ಳೆಯ ರೇಡಿಯೊ ಹುಟ್ಟುತ್ತದೆ ಅಂತಲೂ ನಾನು ಹೇಳಲಾರೆ. ಅದಕ್ಕೆ ಬೇರೆಯೇ ಒಂದು ಅಭ್ಯಾಸ ಬೇಕು.

ಆ ಅಭ್ಯಾಸ ಹೇಗಿರುತ್ತದೆ ಅಂತ ನೋಡಬೇಕಾದರೆ ಅಮೆರಿಕದ ಕಡೆ ಒಮ್ಮೆ ಹೋಗಿಬರಬೇಕು. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದ ಲೂಯಿಸ್ ಹಿಲ್ ಎಂಬವರು ಗೆಳೆಯರ ಜೊತೆ ಸೇರಿ ಬರ್ಕ್ಲಿಯಲ್ಲಿ ಕೆಪಿಎಫ್‌ಎ ಎಂಬ ಸ್ಟೇಷನ್ ತೆರೆದರು. ಅದು 1949ರ ಏಪ್ರಿಲ್ 15. ಜಾಹೀರಾತು ಇಲ್ಲ, ಸರ್ಕಾರದ ಹಿಡಿತ ಇಲ್ಲ. ಕೇಳುಗರೇ ವರ್ಷಕ್ಕಿಷ್ಟು ಅಂತ ಚಂದಾ ಕೊಡಬೇಕು. ಹುಚ್ಚು ಲೆಕ್ಕಾಚಾರ ಅನ್ನಿಸುತ್ತೆ, ಅಲ್ವಾ? ಆದರೆ ನಡೆಯಿತು. ಅದರಿಂದ ಪೆಸಿಫಿಕಾ ಎಂಬ ರೇಡಿಯೊ ಜಾಲ ಬೆಳೆಯಿತು. ಹ್ಯೂಸ್ಟನ್‌ನಲ್ಲಿ ಈ ಜಾಲದ ಸ್ಟೇಷನ್ 1970ರಲ್ಲಿ ಶುರುವಾಯಿತು. ಅದೇ ವರ್ಷ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಜನಾಂಗದ್ವೇಷಿ ಗುಂಪಿನವರು ಅದರ ಟ್ರಾನ್ಸ್‌ಮಿಟರ್‌ಗೆ ಎರಡು ಸಲ ಬಾಂಬ್ ಇಟ್ಟರು. ಯಾರೂ ಕೇಳದ ರೇಡಿಯೊಗೆ ಬಾಂಬ್ ಇಡುವ ಕಷ್ಟ ಯಾರು ತಗೊಳ್ತಾರೆ?

ಇದೇ ಜಾಲದಲ್ಲಿ 1996ರ ಫೆಬ್ರವರಿಯಲ್ಲಿ ‘ಡೆಮಾಕ್ರಸಿ ನೌ’ ಎಂಬ ದಿನದ ಕಾರ್ಯಕ್ರಮ ಶುರುವಾಯಿತು. ಆ ವರ್ಷದ ಅಧ್ಯಕ್ಷೀಯ ಚುನಾವಣೆಗೆಂದು ಮಾಡಿದ್ದು, ನಿಲ್ಲಲೇ ಇಲ್ಲ. ಅದನ್ನು ನಡೆಸುವ ಏಮಿ ಗುಡ್‌ಮನ್ ಅವರ ಮೂರು ಪ್ರಸಂಗ ನೋಡಿ. 1991ರ ನವೆಂಬರ್ 12ರಂದು ಪೂರ್ವ ತಿಮೋರ್‌ನ ದಿಲಿಯಲ್ಲಿ ಇಂಡೊನೇಷ್ಯಾದ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದಾಗ ಅವರು ಅಲ್ಲೇ ಇದ್ದರು, ಏಟು ತಿಂದರು. 2000ದ ಚುನಾವಣೆಯ ದಿನ ಬಿಲ್ ಕ್ಲಿಂಟನ್ ನ್ಯೂಯಾರ್ಕ್‌ನ ಡಬ್ಲ್ಯುಬಿಎಐ ಸ್ಟೇಷನ್‌ಗೆ ತಾವಾಗಿಯೇ ಫೋನ್ ಮಾಡಿದರು. ವೋಟು ಹಾಕಿ ಅಂತ ಎರಡು ಮಾತು ಹೇಳಿ ಇಡುವ ಅಂದಾಜು ಇದ್ದಿರಬೇಕು. ಗುಡ್‌ಮನ್ ಬಿಡಲಿಲ್ಲ. ಹೆಚ್ಚುಕಡಿಮೆ ಅರ್ಧ ಗಂಟೆ ಒಂದಾದ ಮೇಲೊಂದು ಪ್ರಶ್ನೆ. ಅಧ್ಯಕ್ಷರಿಗೆ ಸಿಟ್ಟೇ ಬಂತು. 2016ರಲ್ಲಿ ನಾರ್ತ್ ಡಕೋಟಾದಲ್ಲಿ ಎಣ್ಣೆ ಪೈಪ್‌ಲೈನ್ ವಿರುದ್ಧ ಮೂಲನಿವಾಸಿಗಳು ನಿಂತಾಗ ಅವರ ಮೇಲೆ ನಾಯಿ ಬಿಟ್ಟದ್ದನ್ನು ಚಿತ್ರೀಕರಿಸಿದರು. ಅದಕ್ಕೆ ಗುಡ್‌ಮನ್ ಮೇಲೆಯೇ ಕೇಸು ಬಿತ್ತು, ಕೋರ್ಟು ಅದನ್ನು ತಳ್ಳಿಹಾಕಿತು.

ಯುದ್ಧ, ಚುನಾವಣೆ, ಬೀದಿಯ ಹೋರಾಟ. ಮೂರೂ ಕಡೆ ಅವರು ಮಾಡಿದ್ದು ಒಂದೇ ಕೆಲಸ. ಜಾಗಕ್ಕೆ ಹೋದರು, ಇಲ್ಲವೇ ಎದುರು ಸಿಕ್ಕವರನ್ನು ಕೇಳಿದರು. ಅವರ ಒಲವು ಯಾವ ಕಡೆ ಅನ್ನುವುದರಲ್ಲಿ ಗುಟ್ಟೇನಿಲ್ಲ. ಆದರೆ ಆ ಒಲವು ಕಾಣಿಸುವುದು ಮೈಕನ್ನು ಎಲ್ಲಿಗೆ ಒಯ್ಯಬೇಕು ಎಂಬ ಆಯ್ಕೆಯಲ್ಲಿ. ಗಂಟಲು ಹರಿಯುವ ಹಾಗೆ ಕೂಗುವುದರಲ್ಲಿ ಅಲ್ಲ.

ಇದು ಹೊರಗಿನವರ ಕತೆ ಮಾತ್ರ ಅಂದುಕೊಳ್ಳಬೇಡಿ. ಮುಂಬೈಯೇ ಇದನ್ನು ಮುಂಚೆ ಮಾಡಿತ್ತು. 1942ರ ಆಗಸ್ಟ್‌ನಲ್ಲಿ, ಕ್ವಿಟ್ ಇಂಡಿಯಾ ಕರೆ ಬಂದು ನಾಯಕರೆಲ್ಲ ಜೈಲು ಸೇರಿದ ಮೇಲೆ, ಉಷಾ ಮೆಹ್ತಾ ಎಂಬ 22ರ ಹುಡುಗಿ ಮತ್ತು ಕೆಲವು ಗೆಳೆಯರು ಗುಟ್ಟಾಗಿ ಕಾಂಗ್ರೆಸ್ ರೇಡಿಯೊ ನಡೆಸಿದರು. 42.34 ಮೀಟರ್‌ನಲ್ಲಿ, ‘ಭಾರತದ ಎಲ್ಲೋ ಒಂದು ಕಡೆಯಿಂದ’ ಎಂದು ಹೇಳಿ ಪ್ರಸಾರ. ಹೆಸರು ಕಾಂಗ್ರೆಸ್‌ದಾದರೂ ಬೆನ್ನ ಹಿಂದೆ ಇದ್ದವರು ಸಮಾಜವಾದಿಗಳು. ರಾಮಮನೋಹರ ಲೋಹಿಯಾ ಅದಕ್ಕೆ ಭಾಷಣ ಬರೆದುಕೊಟ್ಟರು, ತಾವೂ ಮಾತಾಡಿದರು. ಪೊಲೀಸರ ವ್ಯಾನು ಸಿಗ್ನಲ್ ಹುಡುಕಿಕೊಂಡು ಬರುತ್ತಿತ್ತು. ಅದಕ್ಕೇ ಒಂದು ಫ್ಲ್ಯಾಟಿನಿಂದ ಇನ್ನೊಂದಕ್ಕೆ ಟ್ರಾನ್ಸ್‌ಮಿಟರ್ ಹೊತ್ತುಕೊಂಡು ಓಡಾಟ. ಚಿತ್ತಗಾಂಗ್ ಮೇಲೆ ಬಿದ್ದ ಬಾಂಬು, ಜಮ್ಶೆಡ್‌ಪುರದ ಮುಷ್ಕರ, ಇಂಥ ಸುದ್ದಿಗಳನ್ನು ಸೆನ್ಸಾರಿಗೆ ಹೆದರಿ ಪತ್ರಿಕೆಗಳು ಹಾಕದೆ ಇದ್ದಾಗ ಈ ರೇಡಿಯೊ ಹೇಳಿತು. ನವೆಂಬರ್ 12ರಂದು ಪೊಲೀಸರು ಪ್ರಸಾರ ನಡೆಯುತ್ತಿದ್ದಾಗಲೇ ಬಾಗಿಲು ಒಡೆದು ಒಳಗೆ ಬಂದರು. ತಂಡದವರೇ ಆದ ಒಬ್ಬ ತಂತ್ರಜ್ಞ ಜಾಗ ತೋರಿಸಿಕೊಟ್ಟಿದ್ದ. ಉಷಾ ಮೆಹ್ತಾಗೆ ನಾಲ್ಕು ವರ್ಷ ಶಿಕ್ಷೆ. ಪುಣೆಯ ಯೆರವಡಾ ಜೈಲು.

ಈ ಕತೆಯಲ್ಲಿ ಎಡದವರು ಜಾಸ್ತಿ ಹೇಳಿಕೊಳ್ಳದ ಒಂದು ಭಾಗ ಇದೆ. ಕಮ್ಯುನಿಸ್ಟ್ ಪಕ್ಷದ ಕೇಂದ್ರ ಕಚೇರಿ ಆಗ ಇದೇ ಮುಂಬೈಯಲ್ಲಿತ್ತು. ಆದರೆ ಅವರು ಕ್ವಿಟ್ ಇಂಡಿಯಾದಲ್ಲಿ ಸೇರಲಿಲ್ಲ. 1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಮೇಲೆ ಬಿದ್ದ ಮೇಲೆ ಅವರ ಪಾಲಿಗೆ ಅದು ‘ಜನತೆಯ ಯುದ್ಧ’. ಬ್ರಿಟಿಷರ ಯುದ್ಧ ಯತ್ನಕ್ಕೆ ಅಡ್ಡ ಬರಬಾರದು ಅನ್ನುವ ನಿಲುವು. ಒಂದೇ ಊರು, ಇಬ್ಬರೂ ಎಡದವರೇ. ಒಬ್ಬರು ಗುಟ್ಟಿನ ರೇಡಿಯೊ ನಡೆಸುತ್ತಿದ್ದಾರೆ, ಇನ್ನೊಬ್ಬರು ಅದು ತಪ್ಪು ಅನ್ನುತ್ತಿದ್ದಾರೆ. ಯುದ್ಧದ ಮಾತು ಬಂದಾಗಲೆಲ್ಲ ಎಡ ಹೀಗೆ ಒಡೆಯುತ್ತದೆ. 2022ರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದಾಗಲೂ ಹಾಗೇ ಆಯಿತು. ನೇಟೊ ವಿಸ್ತರಣೆಯೇ ಮೂಲ ಎಂದವರು ಒಂದು ಕಡೆ, ನುಗ್ಗಿದವನನ್ನು ಮೊದಲು ಬೈಯಿರಿ ಎಂದವರು ಇನ್ನೊಂದು ಕಡೆ. ಕೇಳುಗನಿಗೆ ಈ ಜಗಳವೇ ಕೇಳಿಸಬೇಕಿತ್ತು ಅಂತ ನನ್ನ ಅಭಿಪ್ರಾಯ. ನಾನು ಕೇಳಿದ ಬಹಳಷ್ಟು ಮಾತಿನಲ್ಲಿ ಒಂದೇ ಪಕ್ಷದ ತೀರ್ಪು ಇತ್ತು, ಜಗಳ ಇರಲಿಲ್ಲ.

ಸ್ವಾತಂತ್ರ್ಯ ಬಂತು, ತರಂಗ ಸರ್ಕಾರದ ಕೈಯಲ್ಲೇ ಉಳಿಯಿತು. ಮಂಗಳೂರಿನಿಂದ ಬಂದ ಜಾರ್ಜ್ ಫೆರ್ನಾಂಡಿಸ್ ಮುಂಬೈಯಲ್ಲಿ ಟ್ಯಾಕ್ಸಿಯವರನ್ನು, ಹೋಟೆಲ್ ಕೆಲಸದವರನ್ನು ಕಟ್ಟಿದ್ದು ಗೇಟ್ ಮೀಟಿಂಗಿನಲ್ಲಿ, ಧ್ವನಿವರ್ಧಕದಲ್ಲಿ. 1967ರಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ದೊಡ್ಡ ಕುಳವನ್ನು ಸೋಲಿಸಿದ್ದೂ ಹಾಗೇ. 1974ರ ಮೇ ತಿಂಗಳಲ್ಲಿ ಅವರ ಮುಂದಾಳತ್ವದಲ್ಲಿ ರೈಲ್ವೆ ಮುಷ್ಕರ ನಡೆದಾಗ ಕಾರ್ಮಿಕರ ಕಡೆಯ ಮಾತು ಹೇಳಲು ದೇಶದಲ್ಲಿ ಒಂದೇ ಒಂದು ಸ್ಟೇಷನ್ ಇರಲಿಲ್ಲ. ಮರುವರ್ಷ ತುರ್ತುಪರಿಸ್ಥಿತಿ. ಕಿಶೋರ್ ಕುಮಾರ್ ಹಾಡುಗಳನ್ನೇ ಆಕಾಶವಾಣಿಯಿಂದ ತೆಗೆದು ಹಾಕಿದ ಕಾಲ ಅದು. ಹಾಡಿಗೇ ಆ ಗತಿ ಬಂದಮೇಲೆ ಮುಷ್ಕರದ ಮಾತು ಎಲ್ಲಿ?

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ತರಂಗಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯ ಅಲ್ಲ ಅಂತ. ಪ್ರಕರಣ ಹುಟ್ಟಿದ್ದು ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳದಲ್ಲಿ. ನಮ್ಮ ದೇಶದಲ್ಲಿ ವಾಕ್‌ ಸ್ವಾತಂತ್ರ್ಯಕ್ಕೂ ಕ್ರಿಕೆಟ್ಟೇ ಬರಬೇಕಾಯಿತು! ತೀರ್ಪಿನ ನಂತರ ಸರ್ಕಾರ ತರಂಗವನ್ನು ಹರಾಜು ಹಾಕಿತು, ಸುದ್ದಿಯನ್ನು ಮಾತ್ರ ತನ್ನ ಹತ್ತಿರ ಇಟ್ಟುಕೊಂಡಿತು. ಅದನ್ನು ಪ್ರಶ್ನಿಸಿ ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಆಕಾಶವಾಣಿಯಲ್ಲಿ ಎಡಪಕ್ಷಗಳಿಗೆ ಅವಕಾಶವೇ ಇಲ್ಲ ಅಂತಲ್ಲ. ಚುನಾವಣೆ ಹೊತ್ತಿಗೆ ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿ, ದೂರದರ್ಶನಗಳಲ್ಲಿ ಉಚಿತ ಸಮಯ ಇದೆ. ಭಾಷಣವನ್ನು ಮೊದಲೇ ಬರೆದು ಕೊಡಬೇಕು. 2024ರ ಮೇ ತಿಂಗಳಲ್ಲಿ ಏನಾಯಿತು ನೋಡಿ. ಸಿಪಿಎಂನ ಸೀತಾರಾಮ್ ಯೆಚೂರಿ ಅವರ ಭಾಷಣದಿಂದ ‘ಕೋಮುವಾದಿ ಸರ್ವಾಧಿಕಾರಿ ಆಡಳಿತ’, ‘ಕರಾಳ ಕಾನೂನು’ ಎಂಬರ್ಥದ ಮಾತುಗಳನ್ನು ತೆಗೆಸಿದರು. ಒಂದು ಕಡೆ ‘ದಿವಾಳಿತನ’ದ ಜಾಗದಲ್ಲಿ ‘ವೈಫಲ್ಯ’ ಬಂತು. ಫಾರ್ವರ್ಡ್ ಬ್ಲಾಕ್‌ನ ಜಿ. ದೇವರಾಜನ್ ಅವರಿಗೆ ಪೌರತ್ವ ಕಾಯ್ದೆಯ ಮಾತಿನಲ್ಲಿ ‘ಮುಸ್ಲಿಮರು’ ಎಂಬ ಪದ ಬಿಡಿ ಎಂದರು. ಆ ಕಾಯ್ದೆ ಯಾರನ್ನು ಹೊರಗಿಟ್ಟಿದೆ ಅಂತ ಆ ಪದ ಬಿಟ್ಟು ಹೇಗೆ ವಿವರಿಸುವುದು, ಬಿಡಿ ಎಂದವರೇ ಹೇಳಬೇಕು. ಚುನಾವಣಾ ಆಯೋಗದ ಮಾರ್ಗಸೂಚಿ ಪಾಲಿಸಿದ್ದೇವೆ ಎನ್ನುವುದು ಆಕಾಶವಾಣಿ, ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಕಡೆಯ ಉತ್ತರ.

ಆ ಮಾರ್ಗಸೂಚಿಯ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಬೇರೆ ದೇಶಗಳನ್ನು ಟೀಕಿಸುವಂತಿಲ್ಲ. ಅಂದರೆ ಚುನಾವಣಾ ಭಾಷಣದಲ್ಲಿ ಗಾಜಾದ ಮೇಲಿನ ಯುದ್ಧವನ್ನು ಇಸ್ರೇಲಿನ ತಪ್ಪು ಎನ್ನಲು ಆಗುವುದಿಲ್ಲ. ಸರಿ, ರೇಡಿಯೊ ಬಿಡಿ, ಮೈದಾನದಲ್ಲಿ ಹೇಳೋಣ ಅಂದರೆ? 2025ರ ಜುಲೈ 25ರಂದು ಬಾಂಬೆ ಹೈಕೋರ್ಟಿನಲ್ಲಿ ನಡೆದದ್ದು ಇದೇ. ಗಾಜಾದ ಪರವಾಗಿ ಆಜಾದ್ ಮೈದಾನದಲ್ಲಿ ಸಭೆ ಮಾಡಲು ಪೊಲೀಸರು ಅನುಮತಿ ಕೊಡಲಿಲ್ಲ, ಎಡಪಕ್ಷಗಳು ಕೋರ್ಟಿಗೆ ಹೋದವು. ಕೋರ್ಟು ಅರ್ಜಿ ತಳ್ಳಿಹಾಕಿತು. ಸಾವಿರಾರು ಮೈಲಿ ದೂರದ್ದು ಯಾಕೆ, ನಮ್ಮ ದೇಶದ ಕಸ, ಚರಂಡಿ, ಪ್ರವಾಹದ ಬಗ್ಗೆ ಮಾತಾಡಿ, ದೇಶಭಕ್ತರಾಗಿ ಎಂಬ ಧಾಟಿಯಲ್ಲಿ ನ್ಯಾಯಪೀಠ ಹೇಳಿತು. ಮುಂದಿನ ತಿಂಗಳು ಪೊಲೀಸರು ಒಪ್ಪಿದರು. ಆಗಸ್ಟ್ 20ರಂದು ಅದೇ ಮೈದಾನದಲ್ಲಿ ಸಭೆ ನಡೆಯಿತು.

ದೂರದ್ದು ಅನ್ನುವ ಮಾತನ್ನು ಮುಂಬೈಯ ಕನ್ನಡಿಗರ ಮುಂದೆ ಹೇಳುವುದು ಕಷ್ಟ. 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ ಏರ್ ಇಂಡಿಯಾ ಹೆಚ್ಚುಕಡಿಮೆ 1.7 ಲಕ್ಷ ಭಾರತೀಯರನ್ನು ವಾಪಸ್ ತಂದಿತು, ಅಮ್ಮಾನ್‌ನಿಂದ ವಿಮಾನಗಳು ಇಳಿದದ್ದು ಮುಂಬೈಯಲ್ಲಿ. ಕರಾವಳಿಯ ಎಷ್ಟೋ ಮನೆಗಳಿಗೆ ಆ ಯುದ್ಧ ಅಂದರೆ ಸೂಟ್‌ಕೇಸ್ ಬಿಟ್ಟು ಬರಿಗೈಲಿ ಬಂದ ಮಗ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು, ಯಾಕೆಂದರೆ ನಮಗೆ ಅದು ಹೆಚ್ಚಾಗಿ ಬರುತ್ತಿದ್ದದ್ದೇ ಉಕ್ರೇನ್ ಮತ್ತು ರಷ್ಯಾದಿಂದ. ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಉಡುಪಿ ಹೋಟೆಲುಗಳ ವಡೆ ಬಾಣಲೆಗೆ ಎರಡು ಕಡೆಯಿಂದಲೂ ಏಟು.

2025ರ ಜೂನ್‌ನಲ್ಲಿ ಇರಾನ್ ಇಸ್ರೇಲ್ 12 ದಿನ ಹೊಡೆದಾಡಿದಾಗ ಫೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಶಟರ್ ಅರ್ಧ ಎಳೆದಾಗಿತ್ತು. ಒಳಗೆ ದೋಸೆ ಕಾವಲಿ ಉಜ್ಜುತ್ತಿದ್ದ ಹುಡುಗ ಫೋನನ್ನು ಸಾಂಬಾರು ಸೌಟಿನ ಸ್ಟ್ಯಾಂಡಿಗೆ ಒರಗಿಸಿ ಯೂಟ್ಯೂಬಿನಲ್ಲಿ ಒಬ್ಬರ ಕನ್ನಡ ವ್ಯಾಖ್ಯಾನ ಹಾಕಿಕೊಂಡಿದ್ದ. ಮಾತಾಡುವವರು ಚಳವಳಿಯ ಕಡೆಯವರೇ. ಸಾಮ್ರಾಜ್ಯಶಾಹಿ, ಬಂಡವಾಳಶಾಹಿ, ಭೂರಾಜಕೀಯ ಅಂತ ಒಂದೇ ಸಮ ಹೋಗುತ್ತಿತ್ತು. ಕತಾರ್‌ನ ಅಮೆರಿಕನ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಬಿಟ್ಟ ಸುದ್ದಿ ಬಂದಿದ್ದ ಹೊತ್ತು. ಹುಡುಗ ನನ್ನ ಕಡೆ ತಿರುಗಿ, “ಅಣ್ಣಾ, ವಿಮಾನ ನಿಲ್ತದಾ? ನನ್ನ ಭಾವ ದೋಹಾದಲ್ಲಿದ್ದಾರೆ” ಎಂದ. ನಾನು ಅಲ್ಲಿದ್ದಷ್ಟು ಹೊತ್ತು ಆ ವ್ಯಾಖ್ಯಾನದಲ್ಲಿ ಅದಕ್ಕೆ ಉತ್ತರ ಬರಲಿಲ್ಲ. ಹುಡುಗನಂತೂ ಕೇಳುತ್ತಲೇ ಇದ್ದ. ಕೇಳುವವರು ಇಲ್ಲ ಅನ್ನುವುದನ್ನು ನಾನು ಯಾಕೆ ನಂಬುವುದಿಲ್ಲ ಅಂತ ಗೊತ್ತಾಯಿತಲ್ಲ?

ನಮ್ಮ ಎಡದ ವ್ಯಾಖ್ಯಾನಗಳ ದೌರ್ಬಲ್ಯ ಇಲ್ಲೇ ಇದೆ. ಬರೆದ ಕರಪತ್ರವನ್ನು ಓದುತ್ತಾರೆ. ದೊಡ್ಡ ಶಕ್ತಿಗಳ ಹೆಸರು ಬರುತ್ತದೆ, ದೋಹಾದಲ್ಲಿರುವ ಭಾವ ಬರುವುದಿಲ್ಲ, ಎಣ್ಣೆ ಡಬ್ಬದ ರೇಟು ಬರುವುದಿಲ್ಲ. ಚುನಾವಣೆಯಲ್ಲಿ ಸೋತಾಗ ಜನರಿಗೆ ತಿಳಿವಳಿಕೆ ಇಲ್ಲ ಎಂಬ ಧ್ವನಿ ಇಣುಕುತ್ತದೆ. ಹೋರಾಟದ ವರದಿಯಲ್ಲಿ ಬಂದ ನಾಯಕರ ಪಟ್ಟಿಯೇ ಅರ್ಧ.

ಒಳ್ಳೆಯ ಹೋರಾಟ ವರದಿಗೆ ಬೇಕಾದ ಸಾಮಗ್ರಿ ಹೇಗಿರುತ್ತದೆ ಅಂದರೆ, 2018ರ ಮಾರ್ಚ್ ನೆನಪಿಸಿಕೊಳ್ಳಿ. 6ನೇ ತಾರೀಕು ನಾಸಿಕದಿಂದ ಹೊರಟ ರೈತರು, ಅವರಲ್ಲಿ ಹೆಚ್ಚಿನವರು ಆದಿವಾಸಿಗಳು, ಸುಮಾರು 180 ಕಿಲೋಮೀಟರ್ ನಡೆದು 11ಕ್ಕೆ ಸಾಯನ್‌ನ ಸೋಮಯ್ಯ ಮೈದಾನ ಮುಟ್ಟಿದರು. ಬೆಳಿಗ್ಗೆ ಹೊರಟರೆ ಹತ್ತನೇ ತರಗತಿ ಪರೀಕ್ಷೆಯ ಮಕ್ಕಳಿಗೆ ತೊಂದರೆ ಆಗುತ್ತದೆ ಅಂತ ರಾತ್ರಿಯೇ ಎದ್ದು ಮತ್ತೆ ನಡೆದರು. ಬೆಳಗಾಗುವ ಹೊತ್ತಿಗೆ ಆಜಾದ್ ಮೈದಾನದಲ್ಲಿದ್ದರು. ಬೊಬ್ಬೆ ಎದ್ದ ಕಾಲು, ಹರಿದ ಚಪ್ಪಲಿ. ದಾರಿಯಲ್ಲಿ ಜನ ನೀರು, ಬಿಸ್ಕತ್ತು, ಚಪ್ಪಲಿ ತಂದುಕೊಟ್ಟರು. ಕೇಳಿದ್ದು ಮುಖ್ಯವಾಗಿ ಎರಡು: 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ತಾವು ಉಳುತ್ತಿರುವ ಜಮೀನಿನ ಪಟ್ಟಾ, ಮತ್ತು ಸಾಲಮನ್ನಾ. ಅಂದೇ ಸಂಜೆ ಸರ್ಕಾರ ಲಿಖಿತ ಭರವಸೆ ಕೊಟ್ಟಿತು. ಕೊಟ್ಟ ಮಾತು ನಡೆಯಲಿಲ್ಲ ಅಂತ 2019ರಲ್ಲಿ ಮತ್ತೆ ಹೊರಟರು, 2023ರಲ್ಲಿ ಮತ್ತೊಮ್ಮೆ. ಮೊದಲ ನಡಿಗೆಯ ಫೋಟೊ ಎಲ್ಲರೂ ನೋಡಿದ್ದಾರೆ. ಆದರೆ ಆ ಪಟ್ಟಾ ಯಾವ ಕಚೇರಿಯಲ್ಲಿ, ಯಾವ ಕಾರಣಕ್ಕೆ ನಿಲ್ಲುತ್ತದೆ? ವಾರ ವಾರ ಇದನ್ನು ಬೆನ್ನುಹತ್ತಿ ಹೇಳುವುದಕ್ಕೆ ರೇಡಿಯೊದಷ್ಟು ಅಗ್ಗದ ಸಾಧನ ಬೇರೆ ಇಲ್ಲ.

ಇಂದು ಫೋನ್ ಇದೆಯಲ್ಲ, ರೇಡಿಯೊ ಯಾಕೆ ಅನ್ನಬಹುದು. ಫೋನ್ ಕೊಡುವುದು ಬಾಡಿಗೆ ಜಾಗ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಹೊತ್ತಿನಲ್ಲಿ, 8,000ಕ್ಕೂ ಹೆಚ್ಚು ಖಾತೆ ಮುಚ್ಚಲು ಆದೇಶ ಬಂದಿದೆ ಎಂದು ಎಕ್ಸ್ ಕಂಪನಿಯೇ ಹೇಳಿತು. ‘ದಿ ವೈರ್’ ಸುದ್ದಿತಾಣಕ್ಕೂ ಕೆಲ ಹೊತ್ತು ತಡೆ ಬಿತ್ತು. ಇಂಥ ಆದೇಶಗಳನ್ನು ಗುಟ್ಟಾಗಿಡಬೇಕು ಎಂದು ನಿಯಮದಲ್ಲೇ ಇದೆ. ಅದೇ ವಾರ ಟಿವಿ ಚಾನೆಲ್‌ಗಳು ಕರಾಚಿ ಬಂದರು ನಾಶ ಅಂತ ಸುಳ್ಳು ಹೇಳುತ್ತಿದ್ದವು. ಕಾರ್ಯಕ್ರಮದ ಮಧ್ಯೆ ವಾಯುದಾಳಿಯ ಸೈರನ್ ಬಾರಿಸುತ್ತಿದ್ದವು. ಜನರಿಗೆ ನಿಜವಾದ ಸೈರನ್ ಯಾವುದು ಅಂತ ಗೊತ್ತಾಗದೆ ಹೋದೀತು ಅಂತ ಕೊನೆಗೆ ನಾಗರಿಕ ರಕ್ಷಣಾ ಇಲಾಖೆಯೇ ಅದನ್ನು ನಿಲ್ಲಿಸಿ ಎನ್ನಬೇಕಾಯಿತು. ಇನ್ನು ಮಹಾರಾಷ್ಟ್ರದಲ್ಲಿ 2025ರ ಜುಲೈನಲ್ಲಿ ಎರಡೂ ಸದನಗಳಲ್ಲಿ ಪಾಸಾದ ವಿಶೇಷ ಜನ ಸುರಕ್ಷಾ ಮಸೂದೆ ಇದೆ. ಎಡಪಂಥೀಯ ಉಗ್ರವಾದದ ಸಂಘಟನೆಗಳನ್ನು ತಡೆಯಲು ಅಂತ ತಂದದ್ದು. ಅದರ ವ್ಯಾಖ್ಯೆಯಲ್ಲಿ ಆಡಿದ ಮಾತು, ಬರೆದ ಮಾತು, ಸನ್ನೆ ಎಲ್ಲ ಬರುತ್ತದೆ. 12,000ಕ್ಕೂ ಹೆಚ್ಚು ಆಕ್ಷೇಪ, ಸಲಹೆ ಬಂದಿದ್ದವು. ಮೈಕಿನ ಮುಂದೆ ಕೂರುವವರು ಇದನ್ನು ಓದಿಕೊಂಡೇ ಕೂರಬೇಕು.

2023ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಂದು ಶಿಫಾರಸು ಮಾಡಿತು. ಖಾಸಗಿ ಎಫ್‌ಎಂಗೆ ಗಂಟೆಗೆ 10 ನಿಮಿಷ ಸುದ್ದಿ ಬಿಡಿ ಅಂತ. ಬಂದರೆ ಬರಲಿ, ಬೇಡ ಅನ್ನುವುದಿಲ್ಲ. ಮುಂಬೈ ಮಹಾನಗರಪಾಲಿಕೆಯಲ್ಲಿ 2022ರ ಮಾರ್ಚ್‌ನಿಂದ 2026ರ ಜನವರಿ ತನಕ ಒಬ್ಬನೇ ಒಬ್ಬ ಚುನಾಯಿತ ನಗರಸೇವಕ ಇರಲಿಲ್ಲ. ಇಂಥದ್ದನ್ನು ದಿನಾ ಹೇಳಲು ಹತ್ತು ನಿಮಿಷ ಧಾರಾಳ. ಆದರೆ ಆ ಹತ್ತು ನಿಮಿಷ ಹರಾಜಿನಲ್ಲಿ ಕೋಟಿಗಟ್ಟಲೆ ಸುರಿದವರ ಕೈಯಲ್ಲಿರುತ್ತದೆ. ಅದು ಕನ್ನಡದಲ್ಲಿ ಇರುವುದಿಲ್ಲ, ಚಳವಳಿಯವರ ಕೈಗೂ ಬರುವುದಿಲ್ಲ.

ಮುಂಬೈ ಕನ್ನಡಿಗರಿಗೆ ಹತ್ತಿರದ ದಾರಿ ನನಗೆ ಕಾಣುವುದು ಛತ್ತೀಸ್‌ಗಢದಲ್ಲಿ. ಶುಭ್ರಾಂಶು ಚೌಧರಿ 2010ರಲ್ಲಿ ಸಿಜಿನೆಟ್ ಸ್ವರ ಎಂಬ ಫೋನ್ ಸುದ್ದಿ ಸೇವೆ ಶುರುಮಾಡಿದಾಗ ಅದರ ಸರ್ವರ್ ಇದ್ದದ್ದು ನಮ್ಮ ಬೆಂಗಳೂರಿನಲ್ಲಿ. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು, ವಾಪಸ್ ಕರೆ ಬರುತ್ತದೆ. ಒಂದು ಒತ್ತಿದರೆ ನಿಮ್ಮ ಸುದ್ದಿ ಹೇಳಬಹುದು, ಎರಡು ಒತ್ತಿದರೆ ಬೇರೆಯವರದ್ದು ಕೇಳಬಹುದು. ಸಂಪಾದಕರು ಪರಿಶೀಲಿಸಿ ಹಾಕುತ್ತಾರೆ. ಗೊಂಡಿ ಎಂಬ ಆದಿವಾಸಿ ಭಾಷೆ ಮಾತಾಡುವವರು ನರೇಗಾ ಕೂಲಿ ಬಂದಿಲ್ಲ, ಕೈಪಂಪು ಕೆಟ್ಟಿದೆ ಅಂತ ಹೇಳಿದರು. ಕೇಳಿದವರು ಆ ಅಧಿಕಾರಿಗೆ ಫೋನ್ ಮಾಡಿದರು. ಲೈಸೆನ್ಸು, ಗೋಪುರ ಯಾವುದೂ ಬೇಡ. ಹೋಟೆಲ್ ಕೆಲಸದವರು, ಮನೆಗೆಲಸದ ಹೆಂಗಸರು, ಧಾರಾವಿಯಲ್ಲಿ ಮನೆ ಹೋಗುವ ಭಯದಲ್ಲಿರುವ ಕನ್ನಡದವರು, ಇವರಿಗೆ ಇಂಥ ಒಂದು ಫೋನ್ ಲೈನ್ ನಡೆಸಲು ಎರಡು ಮೂರು ಸಂಪಾದಕರು ಮತ್ತು ಕೇಳುಗರ ಚಂದಾ ಸಾಕು. ಮಾಟುಂಗಾದಿಂದ ಡೊಂಬಿವಲಿ ತನಕ ನಮ್ಮ ಸಂಘಗಳಿಗೆ ಸಭಾಂಗಣ ಇದೆ, ದೇಣಿಗೆ ಎತ್ತುವ ಅಭ್ಯಾಸ ಇದೆ. ‘ಸಂಘದಲ್ಲಿ ರಾಜಕೀಯ ಬೇಡ ಮಾರಾಯ್ರೇ’ ಅನ್ನುವ ಅಭ್ಯಾಸವೂ ಇದೆ. ಮೊದಲ ಸಭೆಯಲ್ಲಿ ಜಗಳ ಆಗುವುದು ಇದರ ಮೇಲೆಯೇ.